ಶಾಸಕರಾದವರು ಮುಂದೆ ನ್ಯಾಯಮೂರ್ತಿಯಾಗಬಹುದೇ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ 13 ವರ್ಷಗಳಿಂದ ವಕೀಲಿಕೆ ಮಾಡುತ್ತಿದ್ದೇನೆ. ವಯಸ್ಸು 38. ಮುಂದಿನ ವಿಧಾನಸಭಾ ಚುನಾವಣೆಗೆ ನಿಲ್ಲುವಂತೆ ಒಂದು ಪಕ್ಷದ ಜಿಲ್ಲಾ ಮುಖಂಡರು ಒತ್ತಾಯಿಸುತ್ತಿದ್ದಾರೆ. ಎಂದಾದರೂ ನ್ಯಾಯಾಧೀಶನಾಗಬೇಕು ಎಂಬುದು ಕಾನೂನು ಓದುವಾಗಿನಿಂದಲೂ ನನಗಿರುವ ಆಸೆ. ಒಮ್ಮೆ ಪಕ್ಷದ ಚಿಹ್ನೆಯಡಿ ನಿಂತರೆ ಆ ದಾರಿ ಶಾಶ್ವತವಾಗಿ ಮುಚ್ಚಿಹೋಗುತ್ತದೆ ಎಂದು ನನ್ನ ಸೀನಿಯರ್ ಹೇಳುತ್ತಾರೆ. ಸ್ನೇಹಿತರು ಮಾತ್ರ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಕೃಷ್ಣ ಅಯ್ಯರ್ ಮೊದಲು ಮಂತ್ರಿಯಾಗಿದ್ದವರಲ್ಲವೇ ಎಂದು ಕೇಳುತ್ತಾರೆ. ಇದರಲ್ಲಿ ಯಾವುದು ನಿಜ? ಶಾಸಕನಾಗಿ ಕಳೆದ ವರ್ಷಗಳು ವಕೀಲಿಕೆಯ ಅವಧಿಗೆ ಸೇರುತ್ತವೆಯೇ? ಸೋತರೆ ಏನಾಗುತ್ತದೆ? ಕಾನೂನು ಬಿಡಿ, ಹಾಗೆ ಮಾಡುವುದು ಸರಿಯೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಒಂದರೊಳಗೊಂದು ಸೇರಿಕೊಂಡಿವೆ. ಕಾನೂನು ಅಡ್ಡಬರುತ್ತದೆಯೇ ಎಂಬುದು ಒಂದು. ಕಾನೂನು ಬಿಟ್ಟರೂ ಜನರ ನಂಬಿಕೆ ಬಿಡುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಚಿಕ್ಕದು, ಎರಡನೆಯದು ಸಾವಧಾನವಾಗಿ ನೋಡಬೇಕಾದದ್ದು.

ಸಂವಿಧಾನದಲ್ಲಿ ಅಂಥ ನಿರ್ಬಂಧ ಎಲ್ಲಿಯೂ ಇಲ್ಲ. ಹೈಕೋರ್ಟಿನ ನ್ಯಾಯಮೂರ್ತಿಯಾಗಲು 217ನೇ ವಿಧಿ ಕೇಳುವುದು ಭಾರತದ ಪೌರತ್ವವನ್ನು ಮತ್ತು 10 ವರ್ಷಗಳ ನ್ಯಾಯಾಂಗ ಹುದ್ದೆಯನ್ನು ಅಥವಾ ಹೈಕೋರ್ಟಿನ ವಕೀಲರಾಗಿ 10 ವರ್ಷಗಳನ್ನು. ಜಿಲ್ಲಾ ನ್ಯಾಯಾಧೀಶರ ಹುದ್ದೆಗೆ ವಕೀಲರಿಂದ ನೇರ ನೇಮಕವಾಗುವಾಗ 233ನೇ ವಿಧಿ 7 ವರ್ಷಗಳ ವಕೀಲಿಕೆಯನ್ನು ಕೇಳುತ್ತದೆ. ಹಿಂದೆ ಯಾವ ಪಕ್ಷದಲ್ಲಿದ್ದಿರಿ, ಯಾವ ಸದನದಲ್ಲಿ ಕುಳಿತಿದ್ದಿರಿ ಎಂಬುದು ಅರ್ಹತೆಯ ಪಟ್ಟಿಯಲ್ಲೇ ಇಲ್ಲ. ಹುದ್ದೆ ಒಪ್ಪಿಕೊಳ್ಳುವಾಗ ಸದನದ ಸದಸ್ಯತ್ವವನ್ನು ಬಿಡಬೇಕು, ಅಷ್ಟೆ.

2023ರ ಫೆಬ್ರುವರಿಯಲ್ಲಿ ಈ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ನೇರವಾಗಿಯೇ ಬಂತು. ಹಿಂದೆ ಬಿಜೆಪಿಯ ಮಹಿಳಾ ಮೋರ್ಚಾದಲ್ಲಿದ್ದ ಎಲ್. ವಿಕ್ಟೋರಿಯಾ ಗೌರಿ ಅವರನ್ನು ಮದ್ರಾಸ್ ಹೈಕೋರ್ಟಿನ ಹೆಚ್ಚುವರಿ ನ್ಯಾಯಮೂರ್ತಿಯಾಗಿ ನೇಮಿಸಿದ್ದನ್ನು ಕೆಲವು ವಕೀಲರು ಪ್ರಶ್ನಿಸಿದ್ದರು. ನ್ಯಾಯಮೂರ್ತಿಗಳಾದ ಸಂಜೀವ್ ಖನ್ನಾ ಮತ್ತು ಬಿ.ಆರ್. ಗವಾಯಿ ಅವರ ಪೀಠ ಅರ್ಜಿಯನ್ನು ತಳ್ಳಿಹಾಕಿತು. ಅರ್ಹತೆ ಇದೆಯೇ ಇಲ್ಲವೇ ಎಂಬುದನ್ನು ನ್ಯಾಯಾಲಯ ಪರಿಶೀಲಿಸಬಹುದು, ಆ ವ್ಯಕ್ತಿ ತಕ್ಕವರೇ ಎಂಬುದನ್ನು ನೇಮಕಕ್ಕೆ ಹೆಸರು ಶಿಫಾರಸು ಮಾಡುವ ಹಿರಿಯ ನ್ಯಾಯಮೂರ್ತಿಗಳ ಕೊಲಿಜಿಯಂ ತೂಗಬೇಕು ಎಂಬ, 2009ರ ಮಹೇಶ್ ಚಂದ್ರ ಗುಪ್ತ ಪ್ರಕರಣದಿಂದ ನಡೆದುಬಂದ ನಿಲುವನ್ನೇ ಅದು ಎತ್ತಿಹಿಡಿಯಿತು. ತಮಗೂ ರಾಜಕೀಯ ಹಿನ್ನೆಲೆ ಇತ್ತು, ನ್ಯಾಯಮೂರ್ತಿಯಾಗಿ ಕಳೆದ ವರ್ಷಗಳಲ್ಲಿ ಅದು ಅಡ್ಡಬಂದಿಲ್ಲ ಎಂದು ವಿಚಾರಣೆಯ ವೇಳೆ ನ್ಯಾ. ಗವಾಯಿ ಹೇಳಿದ್ದು ನಿಮಗೂ ನೆನಪಿರಬಹುದು. ಆದ್ದರಿಂದ ದಾರಿ ‘ಶಾಶ್ವತವಾಗಿ’ ಮುಚ್ಚುತ್ತದೆ ಎಂಬ ನಿಮ್ಮ ಸೀನಿಯರ್ ಅವರ ಮಾತು ಕಾನೂನಿನ ದೃಷ್ಟಿಯಿಂದ ಸರಿಯಲ್ಲ. ಅನುಭವದ ದೃಷ್ಟಿಯಿಂದ ಅದರಲ್ಲಿ ಸತ್ಯಾಂಶವಿದೆ. ಅದಕ್ಕೆ ಮುಂದೆ ಬರುತ್ತೇನೆ.

ವಕೀಲಿಕೆಯ ವರ್ಷಗಳ ಬಗ್ಗೆ ಕೇಳಿದ್ದೀರಿ. ಶಾಸಕರು ಸಂಬಳ ಪಡೆಯುವ ಪೂರ್ಣಾವಧಿ ನೌಕರರಲ್ಲ, ಆದ್ದರಿಂದ ಅವರು ವಕೀಲಿಕೆ ಮಾಡುವುದಕ್ಕೆ ಬಾರ್ ಕೌನ್ಸಿಲಿನ ನಿಯಮ ಅಡ್ಡಿಯಾಗುವುದಿಲ್ಲ ಎಂದು 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಶಾಸಕರಾದ ಮಾತ್ರಕ್ಕೆ ಸನ್ನದನ್ನು, ಅಂದರೆ ವಕೀಲಿಕೆಯ ಪರವಾನಗಿಯನ್ನು, ಅಮಾನತಿನಲ್ಲಿಡಬೇಕಿಲ್ಲ. ಹೈಕೋರ್ಟಿಗೆ ಬೇಕಾದ 10 ವರ್ಷಗಳನ್ನು ಲೆಕ್ಕ ಹಾಕುವಾಗ ಮುಖ್ಯವಾಗುವುದು ವಕೀಲಿಕೆ ಮಾಡುವ ಹಕ್ಕು, ದಿನನಿತ್ಯ ಕೋರ್ಟಿನಲ್ಲಿ ನಿಂತ ಲೆಕ್ಕವಲ್ಲ ಎಂದು ಮಹೇಶ್ ಚಂದ್ರ ಗುಪ್ತ ಪ್ರಕರಣವೇ ಹೇಳುತ್ತದೆ. ನಿಮಗೆ ಈಗಾಗಲೇ 13 ವರ್ಷಗಳಾಗಿರುವುದರಿಂದ ಕಾಗದದ ಮೇಲೆ ತೊಡಕಿಲ್ಲ. ತೊಡಕಿರುವುದು ಕಾಗದದಾಚೆ. ಹೈಕೋರ್ಟಿಗೆ ಹೆಸರು ಕಳಿಸುವಾಗ ನೀವು ನಡೆಸಿದ ಪ್ರಕರಣಗಳು, ವರದಿಯಾದ ತೀರ್ಪುಗಳು, ವೃತ್ತಿಯಿಂದ ಬಂದ ವರಮಾನ ಎಲ್ಲವನ್ನೂ ನೋಡುತ್ತಾರೆ. ಕ್ಷೇತ್ರದಲ್ಲಿ ಮದುವೆ, ಗೃಹಪ್ರವೇಶ, ಜಾತ್ರೆ ಸುತ್ತುತ್ತ ಐದು ವರ್ಷ ಕಳೆದ ವಕೀಲರ ಕಡತದಲ್ಲಿ ಈ ಪುಟಗಳು ಖಾಲಿ ಉಳಿದಿರುತ್ತವೆ.

ಇನ್ನು ನಿಮ್ಮ ಸ್ನೇಹಿತರು ಹೇಳಿದ ಕೃಷ್ಣ ಅಯ್ಯರ್ ಅವರ ವಿಷಯ. ಅವರನ್ನು ಒಂದು ಸಾಲಿನಲ್ಲಿ ಉದಾಹರಿಸಿ ಮುಂದೆ ಹೋಗುವವರೇ ಹೆಚ್ಚು. ಅವರ ಬದುಕನ್ನು ಹತ್ತಿರದಿಂದ ನೋಡಿದರೆ ನಿಮ್ಮ ಪ್ರಶ್ನೆಗೆ ಬೇಕಾದ ಬಹಳಷ್ಟು ಅಲ್ಲಿಯೇ ಸಿಗುತ್ತದೆ.

ವಿ.ಆರ್. ಕೃಷ್ಣ ಅಯ್ಯರ್ ಪಾಲಕ್ಕಾಡಿನವರು, ವಕೀಲಿಕೆ ಮಾಡಿದ್ದು ತಲಶ್ಶೇರಿಯಲ್ಲಿ. ಅವರ ಕಕ್ಷಿದಾರರಲ್ಲಿ ರೈತರು, ಕೂಲಿಗಳು, ಕಮ್ಯುನಿಸ್ಟ್ ಕಾರ್ಯಕರ್ತರು ಇದ್ದರು. ಕಮ್ಯುನಿಸ್ಟರಿಗೆ ಕಾನೂನು ನೆರವು ಕೊಟ್ಟರೆಂದು 1948ರಲ್ಲಿ ಸುಮಾರು ಒಂದು ತಿಂಗಳು ಜೈಲಿನಲ್ಲಿ ಕಳೆದರು. 1952ರಲ್ಲಿ ಕೂತುಪರಂಬದಿಂದ ಮದ್ರಾಸ್ ವಿಧಾನಸಭೆಗೂ 1957ರಲ್ಲಿ ತಲಶ್ಶೇರಿಯಿಂದ ಕೇರಳ ವಿಧಾನಸಭೆಗೂ ಪಕ್ಷೇತರರಾಗಿ ಗೆದ್ದರು. ಇ.ಎಂ.ಎಸ್. ನಂಬೂದಿರಿಪಾಡ್ ಅವರ ಸಂಪುಟದಲ್ಲಿ ಕಾನೂನು, ಗೃಹ, ನೀರಾವರಿ, ಕಾರಾಗೃಹ ಮೊದಲಾದ ಖಾತೆಗಳನ್ನು ನೋಡಿಕೊಂಡರು. ಆ ಸರ್ಕಾರವನ್ನು 1959ರ ಜುಲೈ 31ರಂದು ಕೇಂದ್ರ ವಜಾ ಮಾಡಿತು. 1960ರ ಚುನಾವಣೆಯಲ್ಲಿ ಅವರು 7 ಮತಗಳಿಂದ ಸೋತು, ಚುನಾವಣಾ ತಕರಾರು ಅರ್ಜಿ ಹಾಕಿ, 1961ರಲ್ಲಿ ಗೆದ್ದರೆಂದು ಘೋಷಿತರಾದರು. 1965ರಲ್ಲಿ ಮತ್ತೆ ಸೋತರು. ಆಮೇಲೆ ವಕೀಲಿಕೆಗೆ ಮರಳಿ, 1968ರಲ್ಲಿ ಕೇರಳ ಹೈಕೋರ್ಟಿನ ನ್ಯಾಯಮೂರ್ತಿಯಾದರು. 1971ರಿಂದ ಕಾನೂನು ಆಯೋಗದ ಸದಸ್ಯರಾಗಿದ್ದು 1973ರ ಜುಲೈನಲ್ಲಿ ಸುಪ್ರೀಂ ಕೋರ್ಟಿಗೆ ಬಂದರು, 1980ರ ನವೆಂಬರಿನಲ್ಲಿ ನಿವೃತ್ತರಾದರು.

ಸುಪ್ರೀಂ ಕೋರ್ಟಿಗೆ ಅವರ ನೇಮಕವಾದಾಗ ವಿರೋಧವೂ ಬಂತು. ಅದೇ ವರ್ಷದ ಏಪ್ರಿಲ್‌ನಲ್ಲಿ ಮೂವರು ಹಿರಿಯ ನ್ಯಾಯಮೂರ್ತಿಗಳನ್ನು ಹಿಂದಿಕ್ಕಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಗಿತ್ತು. ಸರ್ಕಾರ ತನಗೆ ಬೇಕಾದವರನ್ನು ತುಂಬುತ್ತಿದೆ ಎಂಬ ಅನುಮಾನ ವಕೀಲರಲ್ಲಿ ಬಲವಾಗಿತ್ತು, ಹಾಗಾಗಿ ಎಡಪಂಥದ ಮಾಜಿ ಮಂತ್ರಿಯೊಬ್ಬರು ಬಂದದ್ದು ಅದೇ ಕಥೆಯ ಮುಂದುವರಿಕೆಯಂತೆ ಕಂಡಿತು.

ಎರಡು ವರ್ಷವಾಗುವ ಮೊದಲೇ ಪರೀಕ್ಷೆ ಎದುರಾಯಿತು. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್ ಇಂದಿರಾ ಗಾಂಧಿಯವರ ಆಯ್ಕೆಯನ್ನು ಅಸಿಂಧುಗೊಳಿಸಿತು. ಬೇಸಿಗೆ ರಜೆ ನಡೆಯುತ್ತಿತ್ತು, ರಜಾಕಾಲದ ನ್ಯಾಯಮೂರ್ತಿಯಾಗಿದ್ದವರು ಕೃಷ್ಣ ಅಯ್ಯರ್. ಅವರೇ ಮುಂದೆ ಹೇಳಿಕೊಂಡಂತೆ, ಕಾನೂನು ಮಂತ್ರಿ ಎಚ್.ಆರ್. ಗೋಖಲೆ ಫೋನ್ ಮಾಡಿ ಭೇಟಿಯಾಗಬೇಕೆಂದರು. ಭೇಟಿ ಅಗತ್ಯವಿಲ್ಲ, ಮೇಲ್ಮನವಿಯನ್ನು ರಿಜಿಸ್ಟ್ರಾರ್ ಬಳಿ ಸಲ್ಲಿಸಬಹುದು ಎಂದು ಇವರು ಉತ್ತರಿಸಿದರು. ಹಿರಿಯ ವಕೀಲ ಪಾಲ್ಖಿವಾಲಾ ಅವರು ಪ್ರಧಾನಿಯ ಪರವಾಗಿ ಪೂರ್ಣ ತಡೆಯಾಜ್ಞೆ ಕೇಳಿದರು. ಜೂನ್ 24ರಂದು ಸಿಕ್ಕಿದ್ದು ಷರತ್ತಿನ ತಡೆಯಾಜ್ಞೆ: ಪ್ರಧಾನಿಯಾಗಿ ಮುಂದುವರಿಯಬಹುದು, ಲೋಕಸಭೆಯಲ್ಲಿ ಕೂರಬಹುದು, ಸಂಸದೆಯಾಗಿ ಮತ ಹಾಕುವಂತಿಲ್ಲ, ಸಂಬಳ ಪಡೆಯುವಂತಿಲ್ಲ. ಮರುದಿನ ರಾತ್ರಿ ತುರ್ತು ಪರಿಸ್ಥಿತಿ ಬಂತು. ಈ ಆದೇಶದ ಬಗ್ಗೆ ಎರಡು ಅಭಿಪ್ರಾಯಗಳು ಈಗಲೂ ಇವೆ. ಅಧಿಕಾರದಲ್ಲಿ ಮುಂದುವರಿಯಲು ಬಿಟ್ಟದ್ದೇ ತಪ್ಪು ಎನ್ನುವವರಿದ್ದಾರೆ. ಆದರೆ ನೇಮಿಸಿದ ಸರ್ಕಾರದ ಋಣ ತೀರಿಸಿದರು ಎಂದು ಅದನ್ನು ಓದಿದ ಯಾರೂ ಹೇಳಲಾರರು.

ಇದೇ ವ್ಯಾಜ್ಯದಲ್ಲಿ ಇನ್ನೊಬ್ಬರ ಹೆಸರೂ ಬರುತ್ತದೆ, ಅವರು ನಮ್ಮವರು. ಕಾರ್ಕಳ ತಾಲ್ಲೂಕಿನ ಕೌಡೂರಿನ ಕೆ.ಎಸ್. ಹೆಗ್ಡೆ. ಅವರು ಶಾಸಕರಲ್ಲ, ರಾಜ್ಯಸಭೆಯ ಕಾಂಗ್ರೆಸ್ ಸದಸ್ಯರು. ದಕ್ಷಿಣ ಕನ್ನಡ ಆಗ ಮದ್ರಾಸ್ ರಾಜ್ಯದಲ್ಲಿದ್ದುದರಿಂದ 1952ರಲ್ಲಿ ಮದ್ರಾಸಿನಿಂದ ಆಯ್ಕೆಯಾಗಿದ್ದರು. 1957ರಲ್ಲಿ ಆ ಸ್ಥಾನ ಬಿಟ್ಟು ನೇರವಾಗಿ ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು. ನಡುವೆ ಹೆಚ್ಚು ಬಿಡುವೂ ಇರಲಿಲ್ಲವೆನ್ನಬೇಕು. 1966ರಲ್ಲಿ ದೆಹಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿಯಾಗಿ, 1967ರಲ್ಲಿ ಸುಪ್ರೀಂ ಕೋರ್ಟಿಗೆ ಬಂದರು. ಇಂದಿರಾ ಗಾಂಧಿಯವರ ಎದುರು ಸೋತಿದ್ದ ರಾಜ್ ನಾರಾಯಣ್ ಅವರ ಚುನಾವಣಾ ತಕರಾರು ಇನ್ನೂ ಆರಂಭದ ಹಂತದಲ್ಲಿದ್ದಾಗ, 1972ರಲ್ಲಿ, ಹೆಗ್ಡೆಯವರಿದ್ದ ಪೀಠ ಪ್ರಧಾನಿಗೆ ಅನುಕೂಲವಾಗದ ಆದೇಶ ಕೊಟ್ಟಿತು. ಮಾಜಿ ಅರಸರ ರಾಜಧನ ರದ್ದತಿಯ ಪ್ರಕರಣದಲ್ಲಿ, ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಬದಲಿಸುವಂತಿಲ್ಲ ಎಂದ ಕೇಶವಾನಂದ ಭಾರತಿ ಪ್ರಕರಣದಲ್ಲಿ ಅವರು ಸರ್ಕಾರದ ವಿರುದ್ಧವಾಗಿ ನಿಂತ ಬಹುಮತದಲ್ಲಿದ್ದರು. 1973ರಲ್ಲಿ ಹಿಂದಿಕ್ಕಲ್ಪಟ್ಟ ಮೂವರಲ್ಲಿ ಅವರೂ ಒಬ್ಬರು, ಶೆಲತ್ ಮತ್ತು ಗ್ರೋವರ್ ಅವರ ಜೊತೆ ರಾಜೀನಾಮೆ ಕೊಟ್ಟರು. ಪಕ್ಷದಿಂದ ಬಂದವರು ಪಕ್ಷದ ಪರವಾಗಿಯೇ ತೀರ್ಪು ಕೊಡುತ್ತಾರೆ ಎಂಬ ನಂಬಿಕೆಗೆ ಹೆಗ್ಡೆಯವರಿಗಿಂತ ಸ್ಪಷ್ಟವಾದ ಉತ್ತರ ನನಗೆ ಬೇರೆ ಗೊತ್ತಿಲ್ಲ.

ಹಾಗೆಂದು ಹಿನ್ನೆಲೆ ಲೆಕ್ಕಕ್ಕೇ ಬರುವುದಿಲ್ಲ ಎಂದುಕೊಳ್ಳುವುದೂ ಅಷ್ಟೇ ತಪ್ಪು. ಅಸ್ಸಾಮಿನ ಬಹರುಲ್ ಇಸ್ಲಾಂ ಕಾಂಗ್ರೆಸ್ಸಿನಿಂದ ರಾಜ್ಯಸಭೆಗೆ ಎರಡು ಬಾರಿ ಆಯ್ಕೆಯಾಗಿ, 1972ರಲ್ಲಿ ರಾಜೀನಾಮೆ ಕೊಟ್ಟು ಗುವಾಹಟಿ ಹೈಕೋರ್ಟಿನ ನ್ಯಾಯಮೂರ್ತಿಯಾದರು. 1980ರ ಮಾರ್ಚಿನಲ್ಲಿ ನಿವೃತ್ತರಾದವರನ್ನು ಅದೇ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ತರಲಾಯಿತು. ಬಿಹಾರದ ಮುಖ್ಯಮಂತ್ರಿ ಜಗನ್ನಾಥ ಮಿಶ್ರಾ ಅವರ ಮೇಲಿನ ಪ್ರಕರಣವನ್ನು ಹಿಂಪಡೆಯಲು 1982ರ ಡಿಸೆಂಬರಿನಲ್ಲಿ ಅನುಮತಿ ಕೊಟ್ಟ ಬಹುಮತದಲ್ಲಿ ಅವರಿದ್ದರು. ಕೆಲವೇ ವಾರಗಳಲ್ಲಿ, 1983ರ ಜನವರಿಯಲ್ಲಿ, ನಿವೃತ್ತಿಗೆ ಮೊದಲೇ ರಾಜೀನಾಮೆಯಿತ್ತು ಕಾಂಗ್ರೆಸ್ ಅಭ್ಯರ್ಥಿಯಾದರು. ಆ ವರ್ಷವೇ ರಾಜ್ಯಸಭೆಗೂ ಮರಳಿದರು. ಆ ತೀರ್ಪಿನ ಕಾನೂನು ಸರಿಯೋ ತಪ್ಪೋ ಎಂದು ಈಗ ಯಾರೂ ಚರ್ಚಿಸುವುದಿಲ್ಲ. ತೀರ್ಪು ಕೊಟ್ಟವರು ಮುಂದೆ ಎಲ್ಲಿಗೆ ಹೋದರು ಎಂಬುದೊಂದೇ ಜನರ ಮನಸ್ಸಿನಲ್ಲಿ ಉಳಿದಿದೆ.

ಹೆಗ್ಡೆ ಮತ್ತು ಇಸ್ಲಾಂ ಇಬ್ಬರೂ ರಾಜ್ಯಸಭೆಯಿಂದ ನೇರವಾಗಿ ಹೈಕೋರ್ಟಿಗೆ ಬಂದವರು, ಇಬ್ಬರೂ ಕಾಂಗ್ರೆಸ್ಸಿನವರು, ಇಬ್ಬರೂ ಮತ್ತೆ ರಾಜಕೀಯಕ್ಕೆ ಹೋದವರು. ಹೆಗ್ಡೆಯವರು 1977ರಲ್ಲಿ ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣದಲ್ಲಿ ಗೆದ್ದು ಲೋಕಸಭೆಯ ಸ್ಪೀಕರ್ ಆದರು. ಆದರೂ ಇತಿಹಾಸ ಇಬ್ಬರನ್ನೂ ಒಂದೇ ರೀತಿ ನೋಡುವುದಿಲ್ಲ. ಪೀಠದಲ್ಲಿದ್ದಾಗ ಹೆಗ್ಡೆಯವರು ತಮ್ಮ ಹಳೆಯ ಪಕ್ಷದ ಮುನಿಸನ್ನು ಕಟ್ಟಿಕೊಂಡರು, ಪೀಠ ಬಿಟ್ಟದ್ದು ಪ್ರತಿಭಟಿಸಿ, ಚುನಾವಣೆಗೆ ನಿಂತದ್ದು ನಾಲ್ಕು ವರ್ಷಗಳ ನಂತರ. ಶಾಸನಸಭೆಯಿಂದ ನ್ಯಾಯಪೀಠಕ್ಕೆ ಬರುವ ದಾರಿಯಲ್ಲಿ ದೋಷವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಬಂದ ಮೇಲೂ ಹಿಂದಿರುಗುವ ದಾರಿಯನ್ನು ತೆರೆದಿಟ್ಟುಕೊಂಡರೆ, ಅಥವಾ ತೆರೆದಿಟ್ಟುಕೊಂಡಂತೆ ಕಂಡರೆ, ಕೊಟ್ಟ ಪ್ರತಿ ತೀರ್ಪೂ ಅನುಮಾನಕ್ಕೆ ಸಿಕ್ಕುತ್ತದೆ. ರಾಜಸ್ಥಾನದಲ್ಲಿ ಶಾಸಕರಾಗಿದ್ದು, 1978ರಲ್ಲಿ ಅಲ್ಲಿನ ಹೈಕೋರ್ಟಿನ ನ್ಯಾಯಮೂರ್ತಿಯಾಗಿ, ಗುವಾಹಟಿಯಲ್ಲಿ ಮುಖ್ಯ ನ್ಯಾಯಮೂರ್ತಿಯಾಗಿ, 1989ರಲ್ಲಿ ಬಿಜೆಪಿಯ ಸಂಸದರಾದ ಗುಮಾನ್ ಮಲ್ ಲೋಢಾ ಅವರ ವಿಷಯದಲ್ಲೂ ಈ ಪ್ರಶ್ನೆಯನ್ನು ಕೇಳದೆ ಇರಲಾಗುವುದಿಲ್ಲ.

ಶಾಸಕರಾಗಿ ಪಡೆದ ಅನುಭವ ಪೀಠಕ್ಕೆ ಏನನ್ನು ಕೊಡುತ್ತದೆ ಎಂದು ನೀವು ಕೇಳಿಲ್ಲ. ಆದರೂ ಅದನ್ನು ಹೇಳದೆ ಹೋದರೆ ಉತ್ತರ ಪೂರ್ತಿಯಾಗುವುದಿಲ್ಲ. 1978ರ ಮೋತಿ ರಾಮ್ ಪ್ರಕರಣವನ್ನು ನೋಡಿ. ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವನಿಗೆ ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿತ್ತು. ಕೆಳಗಿನ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಶ್ಯೂರಿಟಿ ಕೇಳಿದರು. ಅಣ್ಣತಮ್ಮಂದಿರಲ್ಲಿ ಒಬ್ಬರು ಮುಂದೆ ಬಂದರೆ, ಅವರ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಒಪ್ಪಲಿಲ್ಲ. ಕೃಷ್ಣ ಅಯ್ಯರ್ ಆ ತೀರ್ಪಿನಲ್ಲಿ, ಬಸ್ತರಿನಲ್ಲೋ ಪೋರ್ಟ್ ಬ್ಲೇರಿನಲ್ಲೋ ಸಿಕ್ಕಿಬಿದ್ದ ಮಲಯಾಳಿ, ಕನ್ನಡಿಗ, ತಮಿಳ ಅಲ್ಲಿ ಆಸ್ತಿಯಿರುವ ಜಾಮೀನುದಾರನನ್ನು ಎಲ್ಲಿಂದ ತರಬೇಕು ಎಂದು ಕೇಳಿದರು. 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಿಸಿದರು. ತಾಲ್ಲೂಕು ಕೋರ್ಟಿನಲ್ಲಿ ಶ್ಯೂರಿಟಿಗಾಗಿ ಪಹಣಿ ಹಿಡಿದು ನಿಂತವರನ್ನು ನೀವು ದಿನವೂ ನೋಡುವವರು, ಈ ಪ್ರಶ್ನೆಯ ತೂಕ ನಿಮಗೆ ಗೊತ್ತು. ಸುನಿಲ್ ಬಾತ್ರಾ ಪ್ರಕರಣಗಳಲ್ಲಿ ಕೈದಿಗಳ ಹಕ್ಕಿನ ಬಗ್ಗೆ ಅವರು ಬರೆದದ್ದರ ಹಿಂದೆ ಸ್ವತಃ ಜೈಲು ಕಂಡ ವಕೀಲರೂ ಇದ್ದಾರೆ, ಕಾರಾಗೃಹ ಖಾತೆಯ ಮಾಜಿ ಮಂತ್ರಿಯೂ ಇದ್ದಾರೆ. ಚರಂಡಿ, ಶೌಚಾಲಯ ಕಟ್ಟಲು ಹಣವಿಲ್ಲ ಎಂಬ ರತ್ಲಾಂ ಪುರಸಭೆಯ ನೆಪವನ್ನು 1980ರಲ್ಲಿ ಒಪ್ಪದಿದ್ದಾಗಲೂ, ಆಡಳಿತವನ್ನು ಒಳಗಿನಿಂದ ಕಂಡ ಮನುಷ್ಯನ ಧೈರ್ಯ ಅಲ್ಲಿ ಕಾಣುತ್ತದೆ.

ಅದೇ ಅನುಭವದಲ್ಲಿ ಒಂದು ಅಪಾಯವೂ ಇದೆ. ಕಾನೂನು ಮಾಡಿ ಅಭ್ಯಾಸವಾದ ಕೈ, ಕಾನೂನನ್ನು ಅರ್ಥೈಸುವಾಗಲೂ ಹೊಸದನ್ನು ಬರೆಯಲು ಹವಣಿಸಬಹುದು. 1979ರ ರಾಜೇಂದ್ರ ಪ್ರಸಾದ್ ಪ್ರಕರಣದಲ್ಲಿ ಮರಣದಂಡನೆಯನ್ನು ಬಹಳ ಕಿರಿದಾದ ಚೌಕಟ್ಟಿಗೆ ಇಳಿಸಲು ಅವರು ಯತ್ನಿಸಿದಾಗ, ಅದು ಸಂಸತ್ತಿನ ಕೆಲಸ ಎಂದು ನ್ಯಾ. ಎ.ಪಿ. ಸೇನ್ ಭಿನ್ನಮತ ಬರೆದರು. ಮರುವರ್ಷ ಬಚನ್ ಸಿಂಗ್ ಪ್ರಕರಣದ ಸಂವಿಧಾನ ಪೀಠವೂ ಅಯ್ಯರ್ ಅವರ ಚೌಕಟ್ಟನ್ನು ಒಪ್ಪಲಿಲ್ಲ. ಬೆಂಗಳೂರು ನೀರು ಸರಬರಾಜು ಮಂಡಳಿಯ 1978ರ ಪ್ರಕರಣದಲ್ಲಿ, ಕಾರ್ಮಿಕ ಕಾನೂನಿನಲ್ಲಿ ಬರುವ ‘ಉದ್ಯಮ’ ಎಂಬ ಪದದ ವ್ಯಾಪ್ತಿಯನ್ನು ಅವರು ಹಿಗ್ಗಿಸಿದ ರೀತಿಯ ಬಗ್ಗೆಯೂ ದೀರ್ಘಕಾಲ ತಕರಾರು ನಡೆದು, 2017ರಲ್ಲಿ ಅದನ್ನು ಒಂಬತ್ತು ಸದಸ್ಯರ ಪೀಠಕ್ಕೆ ಒಪ್ಪಿಸಲಾಯಿತು. ನಾನು ಆ ತೀರ್ಪುಗಳನ್ನು ಗೌರವದಿಂದ ಓದುವವನು. ಆದರೂ ನಿಮ್ಮಂಥವರು ಈ ಟೀಕೆಯನ್ನೂ ಓದಿಕೊಳ್ಳಬೇಕು.

ಈಗ ನಿಮ್ಮ ಮುಂದಿರುವ ಆಯ್ಕೆಗಳಿಗೆ ಬರೋಣ. ತಾಲ್ಲೂಕು ಮಟ್ಟದ ವಕೀಲರಿಗೆ ಹೆಚ್ಚು ವಾಸ್ತವವಾದ ದಾರಿಯೆಂದರೆ ಹೈಕೋರ್ಟ್ ನಡೆಸುವ ಪರೀಕ್ಷೆ ಮತ್ತು ಸಂದರ್ಶನದ ಮೂಲಕ ಜಿಲ್ಲಾ ನ್ಯಾಯಾಧೀಶರಾಗುವುದು. ಅದಕ್ಕೆ ವಯೋಮಿತಿಯಿದೆ. ಅರ್ಜಿ ಹಾಕುವ ದಿನವೂ ನೀವು ವಕೀಲರಾಗಿ ಮುಂದುವರಿಯುತ್ತಿರಬೇಕು ಎಂದು 2013ರ ದೀಪಕ್ ಅಗರ್ವಾಲ್ ಪ್ರಕರಣ ಹೇಳುತ್ತದೆ. ಈಗ 38ರಲ್ಲಿರುವ ನೀವು ಚುನಾವಣೆಗೆ ನಿಂತು, ಗೆದ್ದು, ಐದು ವರ್ಷ ಮುಗಿಸಿ ಹೊರಬರುವ ಹೊತ್ತಿಗೆ ಆ ಮಿತಿಯ ಅಂಚಿನಲ್ಲಿರುತ್ತೀರಿ ಅಥವಾ ದಾಟಿರುತ್ತೀರಿ. ಆಗ ಉಳಿಯುವುದು ಹೈಕೋರ್ಟಿನ ದಾರಿ. ಅದಕ್ಕೆ ಅರ್ಜಿ ಹಾಕುವ ಪದ್ಧತಿಯಿಲ್ಲ, ಕೊಲಿಜಿಯಂ ಹೆಸರಿಸಬೇಕು, ಸಾಮಾನ್ಯವಾಗಿ ಹೈಕೋರ್ಟಿನಲ್ಲಿ ಗಟ್ಟಿಯಾಗಿ ವಕೀಲಿಕೆ ಮಾಡಿದವರನ್ನೇ ಹೆಸರಿಸುತ್ತಾರೆ. ನಿಮ್ಮ ಸೀನಿಯರ್ ಅವರ ಮಾತಿನಲ್ಲಿದ್ದ ಸತ್ಯಾಂಶ ಇದು.

ನಿಂತು ಸೋತರೆ ಏನಾಗುತ್ತದೆ? ಸೋಲು ಕಳಂಕವಲ್ಲ. ಕೃಷ್ಣ ಅಯ್ಯರ್ ಕೊನೆಯದಾಗಿ ಸೋತ ಮೂರು ವರ್ಷಗಳಲ್ಲಿ ನ್ಯಾಯಮೂರ್ತಿಯಾದರು. ಆದರೆ ಚುನಾವಣೆ ಬಿಟ್ಟುಹೋಗುವ ಕೆಲವು ಸಂಗತಿಗಳಿವೆ, ನಾನು ವೃತ್ತಿಯಲ್ಲಿ ಕಂಡಿರುವುದು ಇವನ್ನೇ. ನೀತಿಸಂಹಿತೆ ಉಲ್ಲಂಘನೆಯ, ಅನುಮತಿಯಿಲ್ಲದ ಮೆರವಣಿಗೆಯ, ರಸ್ತೆ ತಡೆಯ ಪ್ರಕರಣಗಳು ಅಭ್ಯರ್ಥಿಯ ಹೆಸರಿನಲ್ಲಿ ದಾಖಲಾಗುತ್ತವೆ, ಚುನಾವಣೆ ಮುಗಿದ ಮೇಲೆ ಯಾರೂ ಅವುಗಳ ಕಡೆ ನೋಡುವುದಿಲ್ಲ, ವರ್ಷಗಟ್ಟಲೆ ಬಾಕಿ ಉಳಿಯುತ್ತವೆ. ಹೆಸರು ಪರಿಶೀಲನೆಗೆ ಬಂದಾಗ ಗುಪ್ತಚರ ವರದಿಯಲ್ಲಿ ಅವು ಮೊದಲ ಸಾಲಿನಲ್ಲಿರುತ್ತವೆ. ವೇದಿಕೆಯ ಮೇಲೆ ಒಂದು ಸಮುದಾಯವನ್ನು ಕುರಿತು ಆಡಿದ ಬಿರುಸಿನ ಮಾತು ಮೊಬೈಲುಗಳಲ್ಲಿ ಉಳಿಯುತ್ತದೆ. ರಾಜಕೀಯ ಅಭಿಪ್ರಾಯ ಹೇಳಿದ್ದೇ ಅನರ್ಹತೆಯಲ್ಲ ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಕೊಲಿಜಿಯಂ ಕೆಲವು ಹೆಸರುಗಳನ್ನು ಪುನರುಚ್ಚರಿಸುವಾಗ ಸ್ಪಷ್ಟವಾಗಿ ಬರೆದಿದೆ. ಅಭಿಪ್ರಾಯಕ್ಕೆ ಸಿಗುವ ಈ ರಕ್ಷಣೆ ದ್ವೇಷದ ಮಾತಿಗೆ ಸಿಗಬಾರದು, ಸಿಗುತ್ತದೆ ಎಂದು ನಂಬಿಕೊಳ್ಳಲೂ ಬೇಡಿ.

ಇದು ಸರಿಯೇ ಎಂದು ಕೇಳಿದ್ದೀರಿ. ಅಮೆರಿಕದ ಅರಿಜೋನಾ ರಾಜ್ಯದ ಸೆನೆಟಿನಲ್ಲಿ ಬಹುಮತದ ನಾಯಕಿಯಾಗಿದ್ದ ಸ್ಯಾಂಡ್ರಾ ಡೇ ಓ'ಕಾನರ್ 1975ರಲ್ಲಿ ಅಲ್ಲಿನ ಕೌಂಟಿ ನ್ಯಾಯಾಲಯಕ್ಕೆ ಬಂದು, 1981ರಲ್ಲಿ ಆ ದೇಶದ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾದರು. ಸೆನೆಟ್ 99-0 ಮತಗಳಿಂದ ಒಪ್ಪಿಗೆ ಕೊಟ್ಟಿತು. ಅಲ್ಲಿ ಎಷ್ಟೋ ರಾಜ್ಯಗಳಲ್ಲಿ ನ್ಯಾಯಾಧೀಶರನ್ನೂ ಜನರೇ ಆರಿಸುವುದರಿಂದ ಈ ದಾಟುವಿಕೆ ಯಾರಿಗೂ ವಿಚಿತ್ರವೆನಿಸುವುದಿಲ್ಲ. ನಮ್ಮಲ್ಲಿ ಸರ್ಕಾರವೇ ಅತಿ ದೊಡ್ಡ ಕಕ್ಷಿದಾರ. ಆಳುವ ಪಕ್ಷದಲ್ಲಿದ್ದವರು ಆ ಸರ್ಕಾರದ ವ್ಯಾಜ್ಯ ಕೇಳಲು ಕೂತಾಗ ಎದುರು ಕಕ್ಷಿಯಾದ ರೈತನ ಮುಖ ಬಾಡುವುದು ಸಹಜ. ಆದ್ದರಿಂದ ಹಾಗೆ ಬಂದವರು ತಾವು ಮಂಡಿಸಿದ, ಮತ ಹಾಕಿದ ಕಾನೂನಿನ ಪ್ರಕರಣದಿಂದ, ತಮ್ಮ ಹಳೆಯ ಕ್ಷೇತ್ರದ ವ್ಯಾಜ್ಯದಿಂದ, ಯಾರೂ ಕೇಳುವ ಮೊದಲೇ ಹಿಂದೆ ಸರಿಯಬೇಕೆಂದು ನಾನು ಭಾವಿಸುತ್ತೇನೆ.

ನಿಮಗೆ ನನ್ನ ಸಲಹೆ ನೇರವಾಗಿದೆ. ನ್ಯಾಯಾಧೀಶರಾಗುವ ಆಸೆ ದೊಡ್ಡದಾಗಿದ್ದರೆ ಟಿಕೆಟ್ ಬೇಡವೆನ್ನಿ, ಮುಂದಿನ ಜಿಲ್ಲಾ ನ್ಯಾಯಾಧೀಶರ ಅಧಿಸೂಚನೆಗೆ ಓದಲು ಕೂರಿ. ಸಿವಿಲ್ ಮತ್ತು ಕ್ರಿಮಿನಲ್ ಎರಡರಲ್ಲೂ ವಿಚಾರಣೆ ನಡೆಸಿದ ಅನುಭವ ನಿಮಗಿದ್ದರೆ ಅದೇ ದೊಡ್ಡ ಬಂಡವಾಳ. ಜನರ ಕೆಲಸ ಮಾಡಬೇಕೆಂಬ ತುಡಿತವೇ ದೊಡ್ಡದಾಗಿದ್ದರೆ ಧೈರ್ಯವಾಗಿ ಚುನಾವಣೆಗೆ ನಿಲ್ಲಿ, ಆದರೆ ಸೋತರೆ ಜಡ್ಜ್ ಆಗಬಹುದು ಎಂಬ ಲೆಕ್ಕವಿಟ್ಟುಕೊಂಡು ನಿಲ್ಲಬೇಡಿ. ನಿಂತರೆ ಸನ್ನದನ್ನು ಚಾಲ್ತಿಯಲ್ಲಿಡಿ, ಕೈಯಲ್ಲಿರುವ ವಕಾಲತ್ತುಗಳನ್ನು ಜವಾಬ್ದಾರಿಯುತ ಸಹೋದ್ಯೋಗಿಗೆ ಲಿಖಿತವಾಗಿ ಒಪ್ಪಿಸಿ, ನಿಮ್ಮ ಮೇಲೆ ದಾಖಲಾದ ಪ್ರತಿಯೊಂದು ಪ್ರಕರಣವನ್ನೂ ಹಾಜರಾಗಿ ಮುಗಿಸಿಕೊಳ್ಳಿ, ನಾಮಪತ್ರದ ಪ್ರಮಾಣಪತ್ರದಲ್ಲಿ ಏನನ್ನೂ ಬಿಡಬೇಡಿ. ಮುಖಂಡರಿಗೆ ಮಾತು ಕೊಡುವ ಮೊದಲು ಕಳೆದ ಬಾರಿಯ ಜಿಲ್ಲಾ ನ್ಯಾಯಾಧೀಶರ ನೇಮಕಾತಿ ಅಧಿಸೂಚನೆಯನ್ನು ತೆಗೆದು, ನಿಮ್ಮ ವರ್ಗಕ್ಕೆ ಅನ್ವಯಿಸುವ ವಯೋಮಿತಿಯನ್ನು ಜನ್ಮದಿನಾಂಕದೊಂದಿಗೆ ತಾಳೆ ನೋಡಿ. ನಿಮಗೆ ಎಷ್ಟು ಅವಕಾಶಗಳು ಉಳಿದಿವೆ ಎಂಬುದು ಅಲ್ಲಿಯೇ ತಿಳಿಯುತ್ತದೆ.